ದೌಲತರಾಯನಿಗೆ ಕೊಟ್ಟ ಮಣ್ಣು

“ಕಿತ್ತು ಒಗಿ, ಒಡದು ಹಾಕು, ಬೇಕಾದ್ರ ಹೊಳ್ಯಾಗ ನೂಕು. ಮಣ್ಣು ಮಾತ್ರ ಕೊಡಬ್ಯಾಡ ತಮ್ಮಾ.”

ಹಣಮವ್ವ ಇಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಓವರ್‌ಸಿಯರ್ ಚಂದ್ರಾಮಪ್ಪ ಸುತ್ತ ನಿಂತಿದ್ದ ಆಳುಗಳ ಮುಖ ನೋಡಿದ, ಕಟ್ಟೆಯ ಮೇಲಿನ ಪ್ರತಿಮೆಯ ಮುಖ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಸಿಮೆಂಟಿನ ಗೊಂಬೆಗೆ ಮಣ್ಣು ಕೊಟ್ಟರೆ ದಿವಸ ಮಾಡಿ ಊರಿಗೆಲ್ಲ ಹುಗ್ಗಿ ಹಾಕಿಸಬೇಕಾಗುತ್ತದೆಯೋ ಹೇಗೆ ಎಂದು ಕೇಳಿದ. ಆಳುಗಳಲ್ಲಿ ಒಬ್ಬನೂ ನಗಲಿಲ್ಲ. ಮುದುಕಿ ಕೋಲೂರಿಕೊಂಡು ಹೊಳೆಯ ದಾರಿ ಹಿಡಿದಳು.

ಈ ಕಡೆ ಮಣ್ಣು ಕೊಡುವುದೆಂದರೆ ಸತ್ತವನ ಕುಣಿಗೆ ಹಿಡಿ ಮಣ್ಣು ಹಾಕುವುದು. ಮೊದಲ ಹಿಡಿ ಮಗನದು. ಮಗನಿಲ್ಲದವನಿಗೆ ಯಾರು ಮೊದಲ ಹಿಡಿ ಹಾಕುತ್ತಾನೋ ಅವನೇ ಮಗ. ಆಳಂದದಲ್ಲಿ ಹುಟ್ಟಿ ಬೆಳೆದ ಚಂದ್ರಾಮಪ್ಪನಿಗೆ ಇದು ಗೊತ್ತಿಲ್ಲದ ಮಾತಲ್ಲ. ಗೊತ್ತಿದ್ದೇ ನಕ್ಕ. ಗೊತ್ತಿಲ್ಲದೆ ನಗುವವನಿಗೆ ಒಂದು ಸಲ ಮಾಫಿ ಸಿಕ್ಕೀತು. ಗೊತ್ತಿದ್ದೂ ನಗುವವನಿಗೆ ಯಾರು ಏನು ಹೇಳಬೇಕು?

ಅದು ಎಪ್ಪತ್ತೊಂಬತ್ತರ ಬೇಸಿಗೆ. ಜೇವರ್ಗಿಯಿಂದ ಭೀಮಾ ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ಕರಿಮಟ್ಟಿ ಎಂಬ ಊರು. ಊರಬಾಗಿಲಾದ ಅಗಸಿಯ ಮುಂದೆ ದೌಲತರಾಯನ ಪ್ರತಿಮೆ. ಬದುಕಿದ್ದಾಗಲೇ ತಾನೇ ನಿಲ್ಲಿಸಿಕೊಂಡದ್ದು. ಸತ್ತ ಮೇಲೆ ಊರವರು ನಿಲ್ಲಿಸುತ್ತಾರೆಂಬ ನಂಬಿಕೆ ಅವನಿಗೂ ಇರಲಿಲ್ಲವೆಂದು ಕಾಣುತ್ತದೆ. ತಲೆಗೆ ರುಮಾಲು, ಮೈಮೇಲೆ ಕೋಟು, ಹುರಿ ಮೀಸೆ, ಆಶೀರ್ವಾದ ಮಾಡುವಂತೆ ಎತ್ತಿದ ಬಲಗೈ. ಆ ಕೈ ಎತ್ತಿದಾಗಲೆಲ್ಲ ಯಾರ ಮೇಲೆ ಬೀಳುತ್ತಿತ್ತೆಂಬುದು ಊರಿಗೆ ಗೊತ್ತಿತ್ತು. ನಿಜಾಮನ ಕಾಲದಿಂದಲೂ ಹೊಳೆದಂಡೆಯ ಎರೆಹೊಲವೆಲ್ಲ ಅವನ ಮನೆತನದ್ದು. ಉತ್ತವರು ಬೇರೆ, ಉಂಡವನು ಅವನು. ವರ್ಷಾ ವರ್ಷ ಆ ಪ್ರತಿಮೆಗೆ ಹಾರ ಹಾಕಿ ಕೈ ಮುಗಿದ ಜನವೇ, ಉಳುವವನಿಗೆ ಹೊಲ ಎಂದು ಸರ್ಕಾರ ಹೇಳಿ ಕೈಗೆ ಪಟ್ಟಾ ಬಂದ ಮೇಲೆ, ಇದನ್ನು ಕಿತ್ತೊಗೆಯಬೇಕೆಂದು ಪಂಚಾಯಿತಿಯಲ್ಲಿ ಕೂಗಾಡಿತು. ಬಿದ್ದವನಿಗೆ ಆಳಿಗೊಂದು ಕಲ್ಲು. ಆದರೆ ಕೂಗಿದವರಲ್ಲಿ ಒಬ್ಬನೂ ಮುಂದೆ ಬಂದು ಪ್ರತಿಮೆಗೆ ಕೈ ಹಚ್ಚಲಿಲ್ಲ. ದಾರಿ ಅಗಲ ಮಾಡುವ ನೆಪ ಮಾಡಿ ಸರ್ಕಾರದವರನ್ನೇ ಕರೆಸಿದರು.

ಹಾಗೆ ಬಂದವನು ಚಂದ್ರಾಮಪ್ಪ. ಮೂರು ದಾರಿ ಕೂಡುವಲ್ಲಿ ಮಂತ್ರಿಸಿಟ್ಟ ಲಿಂಬೆಹಣ್ಣನ್ನು ಎತ್ತಿ ತಂದು ಪಾನಕ ಮಾಡಿ ಕುಡಿದ ಆಸಾಮಿ. ಹೆಂಡತಿ ಶಿವಕಾಂತಾಳಿಗೂ ಒಂದು ಲೋಟ ಕೊಟ್ಟಿದ್ದ. ಆಕೆ ಕುಡಿದು, ಸಕ್ಕರೆ ಕಡಿಮೆ ಅಂದಿದ್ದಳು. ಮಾತು ಕಡಿಮೆ, ಹಟ ಹೆಚ್ಚು, ಅಂಥ ಹೆಣ್ಣು. ಇಬ್ಬರೂ ಕರಿಮಟ್ಟಿಯ ರೈತ ದತ್ತಪ್ಪನ ಮನೆಯ ಹಿಂದಿನ ಎರಡು ಖೋಲಿ ಬಾಡಿಗೆ ಹಿಡಿದಿದ್ದರು.

ಮುದುಕಿಯ ಕತೆಯನ್ನು ದತ್ತಪ್ಪನೇ ಅವರಿಗೆ ಹೇಳಿದ. ಹಣಮವ್ವನ ಗಂಡ ಸೈದಪ್ಪ ದೌಲತರಾಯನ ಹೊಲ ಮಾಡುತ್ತಿದ್ದ. ತಾನು ಉಳುವ ಹೊಲ ತನ್ನದೆಂದು ಒಮ್ಮೆ ಕಟ್ಟೆಯ ಮೇಲೆ ಕೂತು ನಾಲ್ಕು ಜನರೆದುರು ಅಂದ. ಮರುದಿನ ದೌಲತರಾಯ ಅವನನ್ನು ವಾಡೆಗೆ ಕರೆಸಿ, ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ, ತಲೆಯ ಮೇಲೆ ಬೀಸುವ ಕಲ್ಲು ಹೊರಿಸಿದ. ಕೂತು ಆಡಿದ ಮಾತನ್ನು ನಿಂತು ನುಂಗಲಿ ಎಂದ. ಹಣಮವ್ವ ದೌಲತರಾಯನ ಕಾಲು ಹಿಡಿದು ಕೇಳಿಕೊಂಡದ್ದು ನೀರಲ್ಲ, ನೆರಳಲ್ಲ, ಕುಂದ್ರು, ಕೂತುಕೋ ಎಂಬ ಒಂದೇ ಮಾತು. ಅವನು ಅನ್ನಲಿಲ್ಲ. ಸುತ್ತ ನಿಂತ ಊರಿಗೂ ಅನ್ನುವ ಧೈರ್ಯ ಬರಲಿಲ್ಲ. ಸಂಜೆಗೆ ಸೈದಪ್ಪ ನಿಂತಲ್ಲೇ ಸತ್ತಿದ್ದ. ಹೆಣವನ್ನು ಆಳುಗಳು ಹೊಳೆಗೆ ಬಿಟ್ಟರು. ಹಿಡಿ ಮಣ್ಣೂ ಸಿಗಲಿಲ್ಲ.

ಮುಂದೆ ಪ್ರತಿಮೆ ಕಟ್ಟುವಾಗ ಸಿಮೆಂಟಿನ ಗಿಲಾವು ಕಲಸುವ ಕೂಲಿಗೆ ಹಣಮವ್ವ ತಾನಾಗಿ ಹೋದಳು. ಇವಳಿಗೇನು ಬುದ್ಧಿ ಕೆಟ್ಟಿತೇ ಎಂದು ಊರು ಬೈಯಿತು. ಪ್ರತಿಮೆ ಎದ್ದು ನಿಂತಿತು. ಆ ಬೇಸಿಗೆಯಲ್ಲೇ ದೌಲತರಾಯನ ಮೊಣಕಾಲು ಮಡಚದಾದವು. ಕೂಡಲಾರದೆ, ಮಲಗಲಾರದೆ, ವಾಡೆಯ ಕಂಬಕ್ಕೆ ಒರಗಿ ನಿಂತು ನಿಂತೇ ಸೊರಗಿ, ಕೊನೆಗೆ ಸೊಲ್ಲಾಪುರದ ದವಾಖಾನೆಯಲ್ಲಿ ಸತ್ತ. ಸತ್ತವನನ್ನು ಕೂಡಿಸಿ ಮಣ್ಣು ಕೊಡುವ ಜನ ಅವರು. ಹೆಣ ಕೂಡದೆ ಹೋಯಿತು. ಮಕ್ಕಳಿರಲಿಲ್ಲ. ಅಣ್ಣತಮ್ಮಂದಿರ ಮಕ್ಕಳು ಅಂಜಿ ಮಣ್ಣು ಕೊಡದೆ ಹೆಣವನ್ನು ಅಲ್ಲೇ ಬಿಟ್ಟು ಹೈದರಾಬಾದು ಸೇರಿದರು. ಅವನು ಇನ್ನೂ ನಿಂತೇ ಇದ್ದಾನೆ, ಆ ಸಿಮೆಂಟಿನೊಳಗೆ, ಬಿಸಿಲಲ್ಲಿ ಎಂದು ದತ್ತಪ್ಪ ದನಿ ತಗ್ಗಿಸಿ ಹೇಳಿದ.

ಚಂದ್ರಾಮಪ್ಪನಿಗೆ ಈ ಸಲ ನಗು ಬರಲಿಲ್ಲ, ಸಿಟ್ಟು ಬಂತು. ಅವನ ಅಪ್ಪನೂ ಆಳಂದದ ಕಡೆ ಇಂಥದೇ ಒಬ್ಬನ ಅಂಗಳದಲ್ಲಿ ಬಿಸಿಲಿಗೆ ನಿಂತವನು. ಇಂಥವನನ್ನು ಬರೀ ಕಿತ್ತೊಗೆದರೆ ಸಾಲದು, ಊರೆಲ್ಲ ನೋಡುವಂತೆ ಹೆಣ ಮಾಡಿ ಹೂಳಬೇಕು ಎಂದು ಹಲ್ಲು ಕಡಿದ. ಸಿಟ್ಟು ನ್ಯಾಯದ್ದೇ. ಆದರೆ ಅವನ ಸಿಟ್ಟು ಬೇರೆ, ಹಣಮವ್ವನ ಸಿಟ್ಟು ಬೇರೆ. ತನ್ನದು ಅವಳದಕ್ಕಿಂತ ದೊಡ್ಡದೆಂದು ಅವನು ತಿಳಿದದ್ದೇ ತಪ್ಪಾಯಿತು.

ಮರುದಿನ ಮುಂಜಾನೆ ಪ್ರತಿಮೆಗೆ ಹಗ್ಗ ಬಿತ್ತು. ಬುಡದಲ್ಲಿ ಹಾರೆ ಇಟ್ಟು ಮೀಟಿದಾಗ ಒಳಗಿನಿಂದ ಹಸಿ ಗಿಲಾವಿನ ವಾಸನೆ ಬಂತು, ಈಗ ತಾನೇ ಕಲಸಿದಂತೆ. ಆಳುಗಳು ಹಿಂದೆ ಸರಿದರು. ಚಂದ್ರಾಮಪ್ಪ ತಾನೇ ಹಗ್ಗ ಹಿಡಿದು ಜಗ್ಗಿದ. ಪ್ರತಿಮೆ ಅಡ್ಡಬಿದ್ದ ಸದ್ದಿಗೆ ಅಗಸಿಯ ಪಾರಿವಾಳಗಳೆಲ್ಲ ಹಾರಿ ಹೋದವು. ಒಮ್ಮೆ ಬಿದ್ದದ್ದು ಕಂಡ ಮೇಲೆ ಜನಕ್ಕೂ ಧೈರ್ಯ ಬಂತು. ಯಾರೋ ಹಲಗೆ ತಂದು ಬಾರಿಸಿದರು. ಯಾರೋ ಚಟ್ಟ ಕಟ್ಟಿದರು. ದೌಲತರಾಯನನ್ನು ಚಟ್ಟದ ಮೇಲೆ ಕಟ್ಟಿ, ಹಣೆಗೆ ವಿಭೂತಿ ಬಳಿದು, ಊರ ತುಂಬ ಮೆರೆಸಿದರು. ಹೆಂಗಸರು ಬಾಗಿಲಲ್ಲಿ ನಿಂತು ಸುಳ್ಳು ಅಳು ಅತ್ತು ನಕ್ಕರು. ಎಷ್ಟು ವರ್ಷದಿಂದ ಹಿಡಿದಿಟ್ಟ ನಗು!

ಹಾಳುಬಿದ್ದ ವಾಡೆಯ ಅಂಗಳದಲ್ಲಿ ಖಾಲಿ ಹಗೇವು ಇತ್ತು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಣಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಅಂಥವನಿಗೆ ತಕ್ಕ ಮನೆಯೇ. ಬಾಯಿ ತೆರೆದಾಗ ಕೊಳೆತ ಜೋಳದ ಗವಲು ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಹಗಲಿಗೂ ಕರಗದ ಕತ್ತಲು. ಎತ್ತಿದ ಬಲಗೈ ಬಾಯಿಗೆ ಅಡ್ಡ ಬಂದದ್ದಕ್ಕೆ ಸುತ್ತಿಗೆಯಿಂದ ಹೊಡೆದು ಕೈ ಮುರಿದು ಮೊದಲು ಅದನ್ನೇ ಒಳಗೆ ಒಗೆದರು. ಆಮೇಲೆ ಪ್ರತಿಮೆಯನ್ನು ಕಾಲು ಮುಂದು ಮಾಡಿ ನೆಟ್ಟಗೆ ಇಳಿಬಿಟ್ಟರು. ಹಲಗೆಯ ಬಡಿತ ನಿಂತಿತು.

ಈಗ ಮಣ್ಣು ಹಾಕಬೇಕು. ಸಲಿಕೆ ಹಿಡಿದವರು ಸಲಿಕೆ ಹಿಡಿದೇ ನಿಂತರು. ಗುಂಪಿನ ಹಿಂದಿನಿಂದ ಹಣಮವ್ವನ ಕೋಲಿನ ಸದ್ದು ಕೇಳಿತು.

ಚಂದ್ರಾಮಪ್ಪ ಬಗ್ಗಿ ಒಂದು ಹಿಡಿ ಎರೆಮಣ್ಣು ತೆಗೆದುಕೊಂಡ. ಸತ್ತವರ ಮನೆಯ ಮಗನಂತೆ ಟವಲನ್ನು ತಲೆಗೆ ಹೊದ್ದ. ಜನ ಕಿಸಕ್ಕನೆ ನಕ್ಕಿತು.

“ಯಪ್ಪಾ ದೌಲತರಾಯಾ, ನಿನಗ ಮಕ್ಕಳಿಲ್ಲಂತ ಅಳಬ್ಯಾಡ. ನಾನ ನಿನ್ನ ಮಗ. ಮಣ್ಣು ಕೊಡಾಕತ್ತೇನಿ, ತಗೋ.”

ಮಣ್ಣು ಒಳಗೆ ಬಿತ್ತು. ಕತ್ತಲೊಳಗಿನಿಂದ ಒಂದು ಉಸಿರು ಬಂತು. ದಿನವೆಲ್ಲ ನಿಂತು ದುಡಿದ ಮುದುಕ ಗೋಡೆ ಹಿಡಿದು ಮೆಲ್ಲಗೆ ಕೂಡುವಾಗ ಬಿಡುತ್ತಾನಲ್ಲ, ಅಂಥ ಉದ್ದನೆಯ, ಸುಖದ ಉಸಿರು. ನಗು ಅಲ್ಲಲ್ಲೇ ಆರಿತು. ಹಗೇವಿನ ಗಾಳಿ ಅದು, ಮಣ್ಣು ಬಿದ್ದರೆ ಮೇಲೆ ಬರುತ್ತದೆ ಎಂದು ಚಂದ್ರಾಮಪ್ಪ ಎಲ್ಲರಿಗೂ ತಿಳಿಸಿ ಹೇಳಿದ. ಹಾಗೆ ಹೇಳಿದ ಮೇಲೆ ಸಲಿಕೆಗಳು ಆಡಿದವು, ಬಾಯಿ ಮುಚ್ಚಿತು. ತಿರುಗಿ ನೋಡಿದರೆ ಹಣಮವ್ವ ಇರಲಿಲ್ಲ.

ಅಂದು ಸಂಜೆ ಶಿವಕಾಂತಾ ರೊಟ್ಟಿ ಬಡಿದು, ತಾಟು ಇಟ್ಟು, ಉಣ್ಣಲು ಕರೆದಳು. ಚಂದ್ರಾಮಪ್ಪ ಬಂದು ತಾಟಿನ ಮುಂದೆ ನಿಂತ. ಕೂಡಲು ಹೋದ. ಮೊಣಕಾಲು ಬಾಗಲಿಲ್ಲ. ದಿನವೆಲ್ಲ ಹಗ್ಗ ಜಗ್ಗಿದ್ದಕ್ಕೆ ಹಿಡಿದುಕೊಂಡಿವೆ ಎಂದು ನಕ್ಕು, ತಾಟು ಕೈಯಲ್ಲಿ ಹಿಡಿದು ನಿಂತೇ ಉಂಡ. ರಾತ್ರಿ ಹಾಸಿಗೆಯ ಮೇಲೆ ಒರಗಿದರೆ ಕಾಲುಗಳು ತಾವಾಗಿ ನೆಲ ಹುಡುಕಿದವು. ಬೆಳಗಾದಾಗ ಅವನು ಗೋಡೆಗೆ ಆತು ನಿಂತಿದ್ದ.

ಜೇವರ್ಗಿಯ ಡಾಕ್ಟರರು ವಾತವೆಂದರು. ಇಂಜೆಕ್ಷನ್ ಚುಚ್ಚಲು ಹೋದರೆ ಸೂಜಿ ಡೊಂಕಾಯಿತು. ಎರಡನೇ ಸೂಜಿಯೂ ಡೊಂಕಾಯಿತು. ಡಾಕ್ಟರರು ಬೆರಳು ಮಡಚಿ ಮೊಣಕಾಲಿನ ಮೇಲೆ ತಟ್ಟಿ ನೋಡಿದರು; ಗೋಡೆ ತಟ್ಟಿದ ಸದ್ದು ಬಂತು. ದೊಡ್ಡ ಊರಿಗೆ ಒಯ್ಯಿರಿ ಎಂದು ಹೇಳಿ ಕೈ ತೊಳೆದುಕೊಂಡರು. ಬರುವಾಗ ಬಸ್ಸಿನಲ್ಲಿ ಪುಣ್ಯಾತ್ಮನೊಬ್ಬ ಎದ್ದು ಜಾಗ ಕೊಟ್ಟ, ಕುಂದರ್ರಿ ಸಾಹೇಬ್ರ ಅಂದ. ಆ ಮಾತು ಕೇಳಿ ಚಂದ್ರಾಮಪ್ಪನ ಕಣ್ಣಲ್ಲಿ ನೀರು ಬಂತು. ಲಿಂಬೆಹಣ್ಣಿನ ಪಾನಕ ಕುಡಿದವನು ಬಸ್ಸಿನ ಸರಳು ಹಿಡಿದು, ಊರ ಜನರೆದುರು, ಬಿಕ್ಕಿ ಬಿಕ್ಕಿ ಅತ್ತ.

ಶಿವಕಾಂತಾ ಅಳಲಿಲ್ಲ. ಹೊಳೆದಂಡೆಯ ಹಣಮವ್ವನ ಗುಡಿಸಲಿಗೆ ಹೋದಳು. ಒಂದೇ ಬಾಗಿಲಿನ, ಕಿಟಕಿಯಿಲ್ಲದ ಗುಡಿಸಲು. ಒಳಗೆ ಹೊಗೆ, ಹಳೆ ಬಟ್ಟೆ, ಬೂದಿಯ ವಾಸನೆ. ಮುದುಕಿ ಏನನ್ನೂ ಮುಚ್ಚಿಡಲಿಲ್ಲ. ದೌಲತರಾಯನ ಹೆಜ್ಜೆಯ ಮಣ್ಣು, ತನ್ನ ಗಂಡನ ತಲೆಯ ಮೇಲಿದ್ದ ಆ ಬೀಸುವ ಕಲ್ಲಿನ ಚೂರು, ತನ್ನ ತಾಳಿಯ ಕರಿಮಣಿ, ಮೂರನ್ನೂ ಅಮಾವಾಸ್ಯೆಯ ದಿನ ಹಸಿ ಗಿಲಾವಿಗೆ ಬೆರೆಸಿದ್ದಳು. ಪ್ರತಿಮೆಯ ಕಿವಿಯಲ್ಲಿ ಒಂದೇ ಮಾತು ಹೇಳಿದ್ದಳು: ನಿಂದ್ರು. ಮಣ್ಣು ಸಿಗುವ ತನಕ ನಿಂದ್ರು, ಮಣ್ಣು ಕೊಟ್ಟವನು ನಿನ್ನ ಬದಲಿ ನಿಲ್ಲಲಿ, ಅವನಿಗೆ ಮಣ್ಣು ಕೊಟ್ಟವನು ಅವನ ಬದಲಿ.

“ಮಣ್ಣು ಕೊಡಬ್ಯಾಡ ಅಂದದ್ದು ನಿನ್ನ ಗಂಡಗ ಒಳ್ಳೇದಾಗಲಿ ಅಂತಲ್ಲ ತಂಗಿ,” ಅಂದಳು ಹಣಮವ್ವ. “ದೌಲತರಾಯ ಕುಂದರಬಾರದು ಅಂತ ಹೇಳಿದ್ದೆ.”

ಬಿಡಿಸುವ ದಾರಿ ಒಂದೇ ಇತ್ತು. ನಿಂದ್ರು ಅಂದ ಬಾಯೇ ಕುಂದ್ರು ಅನ್ನಬೇಕು. ದೌಲತರಾಯನನ್ನು ಹಗೇವಿನಿಂದ ಎತ್ತಿ ಮತ್ತೆ ಬಿಸಿಲಿಗೆ ನಿಲ್ಲಿಸಿದರೆ ನಿನ್ನ ಗಂಡನಿಗೆ ಆ ಮಾತು ಅನ್ನುತ್ತೇನೆ ಎಂದು ಮುದುಕಿ ಕರಾರು ಹಾಕಿದಳು. ಶಿವಕಾಂತಾ ಒಪ್ಪಿ ಎದ್ದಳು.

ಹೂತವನನ್ನು ಮತ್ತೆ ಎತ್ತಿ ಅಗಸಿಯಲ್ಲಿ ನಿಲ್ಲಿಸುವುದೆಂದರೆ ಊರು ಒಪ್ಪೀತೆ? ಯಾರ ಎಂಜಲು ತಿಂದಿರಿ ಎಂದು ಬಾಯಿಗೆ ಬಂದಂತೆ ಬೈದರು. ಕೊನೆಗೆ ದತ್ತಪ್ಪನೂ ಅವನ ಇಬ್ಬರು ಅಳಿಯಂದಿರೂ ಸಲಿಕೆ ಹಿಡಿದರು. ಚಂದ್ರಾಮಪ್ಪನನ್ನು ಬಂಡಿಯ ಗೂಟಕ್ಕೆ ಕಟ್ಟಿ ನಿಲ್ಲಿಸಿಕೊಂಡು ವಾಡೆಗೆ ತಂದರು. ಆ ಹೊತ್ತಿಗೆ ಅವನಿಗೆ ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಅವನ ಮೈಯಿಂದ ಹಸಿ ಗಿಲಾವಿನ ವಾಸನೆ ಬರುತ್ತಿತ್ತು. ಎತ್ತುಗಳು ಮೂಗು ಅರಳಿಸಿ ಬೆದರುತ್ತಿದ್ದವು.

ಬೈದ ಊರೂ ನೋಡಲು ಬಂತು. ಹಣಮವ್ವ ಎಲ್ಲರಿಗಿಂತ ಮುಂದೆ, ಹಗೇವಿನ ಬಾಯಿಯ ಹತ್ತಿರವೇ ಕಾದು ಕೂತಳು.

ಮಣ್ಣು ತೆಗೆದರು. ಬಿಸಿಲು ನೆತ್ತಿಗೆ ಬಂತು. ಒಳಗೆ ಇಳಿದ ದತ್ತಪ್ಪನ ಸಲಿಕೆ ಕಲ್ಲಿಗೆ ತಾಗಿತು. ಕೈಯಿಂದ ಮಣ್ಣು ಸರಿಸಿದ. ರುಮಾಲು ಕಂಡಿತು. ನಿಂತ ಪ್ರತಿಮೆಯ ರುಮಾಲು ಹಗೇವಿನ ಬಾಯಿಯ ಹತ್ತಿರ ಇರಬೇಕಿತ್ತು. ಇದು ಆಳದಲ್ಲಿತ್ತು. ದತ್ತಪ್ಪ ಇನ್ನಷ್ಟು ಸರಿಸಿದ. ಸರಿಸಿದವನು ಸಲಿಕೆ ಅಲ್ಲೇ ಬಿಟ್ಟು, ಹಗ್ಗ ಹಿಡಿದು, ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದ. ಬೆರಳು ಮಾಡಿ ತೋರಿಸಿದ.

ಬಗ್ಗಿ ನೋಡಿದರು. ಕೆಳಗೆ, ಕತ್ತಲಲ್ಲಿ, ದೌಲತರಾಯ ಕೂತಿದ್ದ.

ಸಿಮೆಂಟಿನ ಕಾಲು ಮಡಚಿ ಪದ್ಮಾಸನ ಹಾಕಿದ್ದ. ಎಲ್ಲೂ ಬಿರುಕಿಲ್ಲ. ಮುರಿದು ಒಗೆದಿದ್ದ ಬಲಗೈ ತೋಳಿಗೆ ಕೂಡಿತ್ತು. ಲಿಂಗ ಹಿಡಿದವನಂತೆ ಎಡಗೈ ಎದೆಯ ಹತ್ತಿರ ಬಂದಿತ್ತು. ಕಣ್ಣು ಮುಚ್ಚಿದ್ದವು. ಹುರಿ ಮೀಸೆಯ ಕೆಳಗೆ ಸಣ್ಣ ನಗೆ. ಮಗನ ಕೈಯಿಂದ ಮಣ್ಣು ಪಡೆದವನ ನಗೆ.

ಹಣಮವ್ವ ಬಹಳ ಹೊತ್ತು ನೋಡಿದಳು. “ಕುಂತಾನ,” ಅಂದಳು. ಎದ್ದು ಬಂಡಿಯ ಹತ್ತಿರ ಬಂದಳು. “ನಿನ್ನ ಕೈಲೆ ಕುಂತಾನ.”

ಚಂದ್ರಾಮಪ್ಪನ ನಾಲಿಗೆ ಇನ್ನೂ ಆಡುತ್ತಿತ್ತು. ಅವನ ತುಟಿ ಬೂದಿ ಬಣ್ಣವಾಗಿದ್ದವು.

“ಆಯಿ, ನಮ್ಮಪ್ಪನೂ ಇಂಥವನ ಅಂಗಳದಾಗ ನಿಂತಾಂವ. ನಾ ಅವನ ಕಡೆಯಾಂವ ಅಲ್ಲ. ನಿನ್ನ ಕಡೆಯಾಂವ.”

“ನಿಮ್ಮಪ್ಪ ನಿಂತಾಗ ಯಾರರೆ ಕುಂದ್ರು ಅಂದ್ರೇನು?”

“ಅಂದ್ರು. ಅದಕ್ಕ ಉಳದ.”

“ನನ್ನ ಗಂಡಗ ಯಾರೂ ಅನಲಿಲ್ಲ.”

ಶಿವಕಾಂತಾ ಮುದುಕಿಯ ಕಾಲ ಮೇಲೆ ಬಿದ್ದಳು. ಒಂದೇ ಮಾತು ಅಂದುಬಿಡು, ಬೇಕಾದರೆ ಜಿಂದಗಿಯೆಲ್ಲ ನಿನ್ನ ಮನೆಯ ಕಸ ಗುಡಿಸುತ್ತೇನೆ ಎಂದು ಹಣೆ ಹಚ್ಚಿ ಬೇಡಿದಳು. ಹಣಮವ್ವನ ತುಟಿ ಒಮ್ಮೆ ಅಲುಗಿದ್ದನ್ನು ಹತ್ತಿರ ಇದ್ದವರೆಲ್ಲ ನೋಡಿದರು. ಅಷ್ಟರಲ್ಲಿ ಅವಳ ಕಣ್ಣು ಮತ್ತೆ ಹಗೇವಿನ ಕಡೆ ಹೋಯಿತು. ತುಟಿ ಬಿಗಿದವು. ತನಗೆ ಯಾರಾದರೂ ಒಬ್ಬರು ನಿಂತಿರಬೇಕು, ಅಷ್ಟೇ ಎಂದು ಅಂದಳು. ಕಾಲು ಕಿತ್ತುಕೊಂಡು, ಕೋಲೂರುತ್ತ ಹೊರಟುಹೋದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆದರೆ ಅಷ್ಟು ವರ್ಷ ಉರಿದ ಹೊಟ್ಟೆಗೆ ಎತ್ತು ಯಾವುದು, ಎಮ್ಮೆ ಯಾವುದು?

ಬಿಸಿಲು ಇಳಿಯಲಿಲ್ಲ. ಕಲ್ಲು ಸೊಂಟದಿಂದ ಹೊಟ್ಟೆಗೆ ಏರಿತು. ಹೊಟ್ಟೆಯಿಂದ ಎದೆಗೆ. ಶಿವಕಾಂತಾ ಗಂಡನ ಬಾಯಿಗೆ ನೀರು ಬಿಟ್ಟಳು. ನೀರು ಒಳಗೆ ಇಳಿಯಲಿಲ್ಲ. ಸುಣ್ಣದ ಗೋಡೆ ಹೀರಿದಂತೆ ಗಲ್ಲವೇ ಹೀರಿತು. ಉಸಿರು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಅವನು ಹೆಂಡತಿಯನ್ನೇ ನೋಡುತ್ತಿದ್ದ. ಏನೋ ಹೇಳಬೇಕೆಂದು ಬಾಯಿ ತೆರೆದ. ತೆರೆದ ಬಾಯಿ ಮುಚ್ಚಲಿಲ್ಲ. ಗೂಟಕ್ಕೆ ಕಟ್ಟಿದ ಹಗ್ಗ ಬಿಚ್ಚಿದರು. ಅವನು ಬೀಳಲಿಲ್ಲ.

ಆಳಂದದಿಂದ ಚಂದ್ರಾಮಪ್ಪನ ಅಣ್ಣ ಶಾಂತಲಿಂಗಪ್ಪ ಬಂದ. ಹೆಣ ಕೂಡಲಿಲ್ಲ. ಗುದ್ದಲಿ ಹಿಡಿದವರು ಆಳವಾಗಿ ತೋಡಿ, ನಿಂತ ಹೆಣವನ್ನು ನಿಂತಂತೆಯೇ ಇಳಿಸಿದರು. ಅಯ್ಯನವರು ಮಂತ್ರ ಮುಗಿಸಿ, ಮಣ್ಣು ಕೊಡಿರಿ ಅಂದರು. ಶಾಂತಲಿಂಗಪ್ಪ ತಮ್ಮನ ತಲೆ ನೋಡಿದ, ತನ್ನ ಕೈ ನೋಡಿದ. ಅವನಿಗೆ ಸಣ್ಣ ಸಣ್ಣ ಮಕ್ಕಳಿದ್ದವು. ಕೈ ಕಟ್ಟಿಕೊಂಡು ಗೊಳೋ ಎಂದು ಅತ್ತ. ಹಲಗೆ ಬಾರಿಸಿ ಮೆರೆದಿದ್ದ ಊರು ಒಂದು ಹೆಜ್ಜೆ ಹಿಂದೆ ಸರಿಯಿತು. ಬರಿಗುಣಿಯಲ್ಲಿ, ಬಾಯಿ ತೆರೆದು, ಚಂದ್ರಾಮಪ್ಪ ನಿಂತಿದ್ದ. ಮಣ್ಣು ಸಿಗದೆ ಹೋದರೆ ಅವನೂ ಹಾಗೇ ನಿಂತಿರಬೇಕು.

ಶಿವಕಾಂತಾ ಬಗ್ಗಿದಳು. ಹಿಡಿ ತುಂಬ ಎರೆಮಣ್ಣು ತೆಗೆದುಕೊಂಡಳು. ಶಾಂತಲಿಂಗಪ್ಪ ಬೇಡ ತಂಗಿ ಎಂದು ಅಡ್ಡ ಬಂದ.

“ನಿಂದ್ರೋದು ತಪ್ಪಂಗಿಲ್ಲಂದ್ರ ತಪ್ಪಂಗಿಲ್ಲ,” ಅಂದಳು. “ಎಲ್ಲಿ ನಿಂದ್ರಬೇಕು ಅನ್ನೋದು ನಂದು.”

ಮಣ್ಣು ಬಿತ್ತು. ಕುಣಿಯೊಳಗೆ ಮೊಣಕಾಲು ಮಡಚಿದ ಸದ್ದು ಕೇಳಿತು. ತಲೆ ಮೆಲ್ಲಗೆ ಕೆಳಗಿಳಿಯಿತು. ಆ ಉಸಿರು ಕೇಳಿದ ಮೇಲೆ ಶಿವಕಾಂತಾ ಅಲ್ಲಿ ನಿಲ್ಲಲಿಲ್ಲ.

ಹೊಳೆಯ ದಾರಿಯಲ್ಲಿ ನಡೆದಳು. ಮೊಣಕಾಲು ಆಗಲೇ ಬಿಗಿಯುತ್ತಿದ್ದವು. ಜೋರಾಗಿ ನಡೆದಳು. ಪಾದ ಭಾರವಾದವು. ಎಳೆದುಕೊಂಡು ನಡೆದಳು. ಗುಡಿಸಲಿನ ಹೊಸ್ತಿಲಿಗೆ ಬಂದು, ಎರಡೂ ಕೈಯಿಂದ ಎರಡೂ ಕಡೆಯ ಕಂಬ ಹಿಡಿದು, ಬಾಗಿಲು ತುಂಬಿ ನಿಂತಳು. ಒಳಗೆ ಕತ್ತಲಾಯಿತು. ಒಲೆಯ ಮುಂದಿದ್ದ ಹಣಮವ್ವ ತಲೆ ಎತ್ತಿದಳು. ಬಂದದ್ದು ಯಾರು, ಬಂದದ್ದು ಯಾಕೆ ಎಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಎದ್ದು ಬಂದು ನೂಕಿದಳು. ಕಂಬ ನೂಕಿದಂತಾಯಿತು. ಕೋಲು ತೆಗೆದುಕೊಂಡು ಹೊಡೆದಳು. ಕೋಲು ಮುರಿಯಿತು.

ಆಗ ಮುದುಕಿ ನೆಲಕ್ಕೆ ಕುಸಿದು ಶಿವಕಾಂತಾಳ ಪಾದ ಹಿಡಿದುಕೊಂಡಳು. ಎಲ್ಲರ ಮುಂದೆ ಬಿಗಿದುಕೊಂಡಿದ್ದ ಆ ತುಟಿ ತಾನಾಗಿ ತೆರೆಯಿತು.

“ಕುಂದ್ರು ನನ್ನವ್ವಾ. ಕುಂದ್ರು.”

ಅಂದ ಕೂಡಲೇ ಶಿವಕಾಂತಾಳ ಮೊಣಕಾಲಿನ ಬಿಗಿ ಸಡಿಲಿತು. ಕಾಲಿಗೆ ರಕ್ತ ಬಂತು, ಬೆರಳು ಆಡಿದವು. ಕೂತರೆ ಮುಗಿಯಿತು, ಎದ್ದು ಆಳಂದದ ಬಸ್ಸು ಹತ್ತಬಹುದಿತ್ತು. ಅವಳು ಕಂಬಗಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

“ಒಲ್ಲೆ ಆಯಿ. ನಾ ನಿಂದ್ರತೇನಿ.”

ಮತ್ತೆ ಮೊಣಕಾಲು ಬಿಗಿದವು. ಗುಡಿಸಲಿಗೆ ಇದ್ದದ್ದು ಆ ಒಂದೇ ಬಾಗಿಲು. ಮುದುಕಿಯ ನೀರಿನ ಕೊಡ ಹೊರಗೆ ಕಟ್ಟೆಯ ಮೇಲಿತ್ತು.